ಕರಿಯವ್ವನ ಹನ್ನೊಂದು ಮೊಟ್ಟೆ

ಮೊನ್ನೆ ಮನೆ ಕಂದಾಯದ ರಸೀದಿ ಹುಡುಕಲು ಬೀರು ತೆಗೆದೆ. ರಸೀದಿ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿಟ್ಟಿದ್ದ ಒಂದು ಹಾವಿನ ಪೊರೆ. ಬಿಚ್ಚಿದರೆ ಐದಡಿ ಉದ್ದ. ಮಂಚದ ಮೇಲೆ ಹಾಸಿ, ತಲೆಯ ಭಾಗವನ್ನು ಮೆಲ್ಲಗೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಕಣ್ಣಿನ ಜಾಗ ನೋಡಿದೆ. ಎರಡೂ ಇದ್ದವು, ದುಂಡಗೆ, ಸ್ವಚ್ಛವಾಗಿ. ಸಮಾಧಾನವಾಯಿತು. ಎರಡು ವರ್ಷ ಹಳೆಯ ಪೊರೆ ನೋಡಿ ಈಗ ಸಮಾಧಾನ ಪಡುವುದೆಂಥದು ಎಂದು ನೀವು ಕೇಳಬಹುದು. ಅಭ್ಯಾಸಬಲ, ಮತ್ತೇನಿಲ್ಲ. ಪಿ.ಜೆ. ಬಡಾವಣೆಯಲ್ಲಿ ಮೂವತ್ತು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟವನು ನಾನು. ಯಾರ ಮುಖ ಕಂಡರೂ ಮೊದಲು ಗಾಜು ನೋಡುತ್ತೇನೆ, ಆಮೇಲೆ ಮನುಷ್ಯರನ್ನು.

ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಒಂದು ಪಾರದರ್ಶಕ ಮುಚ್ಚಳವಿರುತ್ತದೆ, ಅದೇ ಅದರ ಕನ್ನಡಕ. ಪೊರೆ ಬಿಡುವಾಗ ಮೈಮೇಲಿನ ಅಂಗಿಯ ಜೊತೆ ಕನ್ನಡಕವನ್ನೂ ಕಳಚಿಟ್ಟು ಹೊಸದು ಹಾಕಿಕೊಂಡು ಹೋಗುತ್ತದೆ. ಅದಕ್ಕೂ ಒಂದು ವಾರ ಮುಂಚೆ ಕಣ್ಣು ನೀಲಿ ಬೆರೆತ ಹಾಲಿನ ಹಾಗೆ ಮಂಜಾಗುತ್ತದೆ. ಸರಿಯಾಗಿ ಕಾಣದು, ಮುಟ್ಟಿದರೆ ಸಿಡಿಮಿಡಿ. ನಂಬರು ಬದಲಾಗಿದೆ ಎಂದರೂ ಒಪ್ಪದೆ ಹಳೆಯ ಗಾಜನ್ನೇ ಒರೆಸಿ ಒರೆಸಿ ಹಾಕಿಕೊಳ್ಳುವ ನನ್ನ ಗಿರಾಕಿಗಳದೂ ಇದೇ ಸ್ವಭಾವ. ಕೆಲವೊಮ್ಮೆ ಒಂದು ಕಣ್ಣಿನ ಹಳೆಯ ಮುಚ್ಚಳ ಅಲ್ಲೇ ಅಂಟಿಕೊಂಡು ಉಳಿದುಬಿಡುತ್ತದೆ. ಹಾಗಾದರೆ ಹಾವಿಗೆ ತೊಂದರೆ. ಅದಕ್ಕೇ ಪ್ರತಿ ಸಲವೂ ಪೊರೆ ಎತ್ತಿ ನೋಡುವುದು. ಇನ್ನೊಂದು ಮಾತು. ಈ ಪೊರೆಯ ಒಡತಿ ಇದ್ದಿಲಿನಷ್ಟು ಕಪ್ಪು. ಬಿಟ್ಟ ಪೊರೆ ಮಾತ್ರ ಈರುಳ್ಳಿ ಸಿಪ್ಪೆಯ ಬಣ್ಣ. ಬಂದವರೆಲ್ಲ ಪೊರೆಯೂ ಕಪ್ಪಗಿರುತ್ತದೆ ಎಂದುಕೊಂಡು ನೋಡಿ ನಿರಾಶರಾಗುತ್ತಾರೆ.

ಒಡತಿಯ ಹೆಸರು ಕರಿಯವ್ವ. ಹೆಸರಿಟ್ಟದ್ದು ನಮ್ಮವ್ವ. ಅಮೆರಿಕದ ಕಡೆಯ ಕರಿ ಕೇರೆ ಎಂಬ ಜಾತಿ ಇದು. ವಿಷವಿಲ್ಲ, ಹೆಡೆಯಿಲ್ಲ, ಗದ್ದದ ಕೆಳಗೆ ಮಾತ್ರ ಒಂದಿಷ್ಟು ಬಿಳುಪು. ಹುಟ್ಟಿದ್ದು ಬೆಂಗಳೂರಿನಲ್ಲಿ ಯಾರದೋ ಮನೆಯ ಗಾಜಿನ ಪೆಟ್ಟಿಗೆಯಲ್ಲಿ. ನಮ್ಮ ಗದ್ದೆ ಬದುವಿನ ಕೇರೆಯನ್ನು ಮನೆಯಲ್ಲಿ ಸಾಕುವಂತಿಲ್ಲ, ಅದು ಅಪರಾಧ. ಇವಳಿಗೆ ಮಾತ್ರ ಅರಣ್ಯ ಇಲಾಖೆಯ ಕಾಗದಪತ್ರ ಎಲ್ಲ ಇದೆ. ನಮ್ಮ ಮನೆಯಲ್ಲಿ ಅತ್ಯಂತ ಸರಿಯಾಗಿ ಕಾಗದ ಇರುವುದು ಅವಳದೊಂದೇ ಎಂದು ಆ ರಸೀದಿ ಸಿಗದ ದಿನ ನನ್ನ ಹೆಂಡತಿ ಗಿರಿಜಾ ಚುಚ್ಚಿದಳು.

ನಮ್ಮೂರಿನ ಕೇರೆಯ ಪರಿಚಯ ನನಗೆ ಮೊದಲಿನಿಂದ ಇತ್ತು. ಚಿಕ್ಕಂದಿನಲ್ಲಿ ನಾವಿದ್ದದ್ದು ಮಂಡಕ್ಕಿ ಭಟ್ಟಿಗಳ ಹಿಂದಿನ ಸಾಲಿನಲ್ಲಿ. ಒಗೆದು ಹಾಕಿದ ಅಂಗಿಯ ಮೇಲೆ ಮಸಿ ಕೂರುತ್ತಿತ್ತು, ಬೆಳಗಾದರೆ ಕಾದ ಮರಳಿನ ವಾಸನೆ. ಭತ್ತದ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕೇರೆ. ಭಟ್ಟಿಯ ಹೆಂಗಸರು ಅದನ್ನು ಓಡಿಸುತ್ತಿರಲಿಲ್ಲ, ಅದರ ಪಾಡಿಗೆ ಅದು, ಇವರ ಪಾಡಿಗೆ ಇವರು. ಒಂದು ದಿನ ನಾನು ಚೀಲದ ಸಂದಿಗೆ ಬಿದ್ದ ಗೋಲಿ ತೆಗೆಯಲು ಕೈ ಹಾಕಿದೆ. ತಣ್ಣಗೆ ಏನೋ ಸರಿಯಿತು. ಚೀಲ, ಗೋಲಿ, ಚಪ್ಪಲಿ ಎಲ್ಲ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದು ಅವ್ವನ ಸೆರಗು ಹಿಡಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಹಾವು ಚಪ್ಲಿ ಹಾಕ್ಕಣಲ್ಲ. ಹೋಗಿ ತಗಂಡ್ ಬಾ" ಅಂದಳು. ನಾನು ಹೋಗಿ ತಂದೆ, ಅಳುತ್ತಲೇ. ಹಾವಿನ ವಿಷಯದಲ್ಲಿ ನನಗೆ ಸಿಕ್ಕ ಶಿಕ್ಷಣ ಅಷ್ಟೇ.

ಕರಿಯವ್ವ ಬಂದದ್ದು ಒಬ್ಬ ಬ್ಯಾಂಕ್ ಮ್ಯಾನೇಜರರ ಮೂಲಕ. ಕನ್ನಡಕದ ಕಡ್ಡಿ ಸರಿಮಾಡಿಸಲು ಬಂದವರು, ಸರಿಯಾದ ಮೇಲೂ ಎದ್ದು ಹೋಗಲಿಲ್ಲ. ದೂರದ ರಾಜ್ಯಕ್ಕೆ ವರ್ಗವಾಗಿದೆ, ಹಾವನ್ನು ಒಯ್ಯುವ ಹಾಗಿಲ್ಲ, ನೀವು ಶಾಂತ ಸ್ವಭಾವದವರು, ಎರಡು ತಿಂಗಳು ಇಟ್ಟುಕೊಳ್ಳಿ ಎಂದರು. ಅಂಗಡಿಯಲ್ಲಿ ಶಾಂತವಾಗಿರುವುದು ನನ್ನ ಕಸುಬು, ಸ್ವಭಾವವಲ್ಲ. ಹೊಗಳಿಕೆಗೆ ಉಬ್ಬಿ ಹೂಂ ಅಂದೆ. ಎರಡು ತಿಂಗಳು ಆರಾಯಿತು. ಕೊನೆಗೆ ಅವರೇ ಕಾಗದವನ್ನು ನನ್ನ ಹೆಸರಿಗೆ ಮಾಡಿಕೊಟ್ಟು ಕೈತೊಳೆದುಕೊಂಡರು.

ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಮಹಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಗಿರಿಜಾ ಎರಡು ಷರತ್ತು ಹಾಕಿದಳು. ಆ ಕೋಣೆಗೆ ತಾನು ಕಾಲಿಡುವುದಿಲ್ಲ. ಹಾವಿನ ಊಟ ತನ್ನ ಫ್ರಿಜ್ಜಿಗೆ ಬರಕೂಡದು. ಎರಡನೆಯದಕ್ಕಾಗಿ ಒಂದು ಹಳೆಯ ಸಣ್ಣ ಫ್ರಿಜ್ ಕೊಂಡು ಮಹಡಿಗೆ ಹೊರಿಸಿದೆ. ಅವ್ವನದು ಷರತ್ತಿಲ್ಲ, ಒಂದೇ ಪ್ರಶ್ನೆ. "ಅದು ಏನ್ ಉಣ್ತೈತೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಇವಳಿಗೆ ಇಲಿಮರಿ ಬೇಕು, ಇಲ್ಲವೇ ಕೋಳಿಮರಿ. ಯಾರೋ ಹೇಳಿದರು, ಹರಿಹರದಲ್ಲಿ ಹೊಳೆಯ ಕಡೆಗೆ ಹೋಗುವ ಓಣಿಯಲ್ಲಿ ಖಲೀಲ್ ಸಾಬರೆಂಬ ಹಿರಿಯರು ನಾಟಿ ಕೋಳಿ ಮೊಟ್ಟೆಯನ್ನು ಮರಿ ಮಾಡಿಸುವ ಶೆಡ್ಡು ಇಟ್ಟಿದ್ದಾರೆ, ಅಲ್ಲಿ ಸತ್ತ ಮರಿ ಸಿಗಬಹುದು ಎಂದು. ಒಂದು ಭಾನುವಾರ ಸ್ಕೂಟರ್ ಹತ್ತಿದೆ. ಹರಿಹರದಲ್ಲಿ ಗಿರಿಜಾಳ ತವರಿನವರು ಹೆಜ್ಜೆಗೊಬ್ಬರು ಸಿಗುತ್ತಾರೆ. ಹಾಗಾಗಿ ಶೆಡ್ಡಿನೊಳಗೆ ಹೋಗುವತನಕ ಹೆಲ್ಮೆಟ್ ತೆಗೆಯಲಿಲ್ಲ. ತೆಗೆದಾಗ ಹಣೆಯ ಮೇಲೆ ವಿಭೂತಿ ಎದ್ದು ಕಾಣುತ್ತಿತ್ತು.

"ಸತ್ತ ಮರಿ ಇದ್ರೆ ಬೇಕಿತ್ರಿ" ಅಂದೆ.

"ಸತ್ತಿದ್ದಾ? ಜೀವ ಇರೋದು ಬ್ಯಾಡ್ವಾ?"

"ಬ್ಯಾಡ್ರಿ. ಸತ್ತಿದ್ದೇ ಬೇಕು."

ಅವರು ನನ್ನ ವಿಭೂತಿ ನೋಡಿದರು, ಕೈಯಲ್ಲಿದ್ದ ಟಿಫನ್ ಡಬ್ಬಿ ನೋಡಿದರು. "ಸಾವ್ಕಾರ್ರೆ, ಮಾಟ ಗೀಟ ಏನಾರ ಮಾಡ್ಸಾಕೆ ಹೊಂಟೀರೇನು? ಹಂಗಿದ್ರೆ ನಾನು ಕೊಡಲ್ಲ ನೋಡ್ರಿ."

"ಇಲ್ರಿ ಸಾಬ್ರೆ, ಹಾವಿಗೆ."

"ಯಾವ ಹಾವಿಗೆ?"

"ನಮ್ಮನೆ ಹಾವಿಗೆ."

ಅವರು ಕುರ್ಚಿ ಎಳೆದು ಹಾಕಿ, "ಕೂಡ್ರಿ. ಮದ್ಲು ಚಾ ಕುಡೀರಿ" ಅಂದರು. ಜ್ವರ ಬಂದವರನ್ನು ಮಾತಾಡಿಸುವ ದನಿ ಅದು.

ಹೀಗೆ ಶುರುವಾದ ಗೆಳೆತನ. ಮುಂದಿನ ವಾರ ಮರಿಗಳ ಪೊಟ್ಟಣ ಹಿಡಿದು ತಾವೇ ಬಂದರು, ಹಾವು ನಿಜಕ್ಕೂ ಇದೆಯೋ ನೋಡಲಿಕ್ಕೆ. ಬಾಗಿಲ ಬಳಿಯೇ ನಿಂತು ಇಣುಕಿದರು. ಎರಡನೆಯ ವಾರ ಕೋಣೆಯೊಳಗೆ ಬಂದರು. ತಿಂಗಳಾಗುವಷ್ಟರಲ್ಲಿ ಅವಳ ಗಾಜಿನ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಅವಳ ಊಟ ನೋಡುವಷ್ಟಾದರು. ನುಂಗುವ ಗಳಿಗೆಯಲ್ಲಿ ಮಾತ್ರ ಮುಖ ಆ ಕಡೆ. "ನಮ್ಮ ಮರಿ ಅಲ್ವೇನ್ರಿ" ಅನ್ನುತ್ತಿದ್ದರು. ಅವ್ವನಿಗೂ ಅವರಿಗೂ ಜೋಡಿ ಕೂಡಿಬಿಟ್ಟಿತು. ಪಂಚಮಿಯ ದಿನ ಅವ್ವ ಗಿರಿಜಾಳ ಕೈ ಹಿಡಿದು ಮೆಟ್ಟಿಲು ಹತ್ತಿ, ಅವಳನ್ನು ಹೊಸ್ತಿಲಲ್ಲೇ ಬಿಟ್ಟು, ಗಾಜಿನ ಮುಂದೆ ಅಳ್ಳು, ಶೇಂಗಾ ಉಂಡಿ ಇಟ್ಟು ಕೈಮುಗಿದಳು. ಕರಿಯವ್ವ ಕೊರಡಿನ ಕೆಳಗಿಂದ ಹೊರಗೆ ಬರಲೂ ಇಲ್ಲ. ಸಂಜೆ ಬಂದ ಖಲೀಲ್ ಸಾಬರಿಗೆ ಅವ್ವ ಆ ಉಂಡಿಯನ್ನೇ ಕೊಟ್ಟಳು. "ಹಾವಿಂದು ನನಗೆ ಬಂತು" ಎನ್ನುತ್ತ ನಾಲ್ಕೂ ತಿಂದರು.

ಮನುಷ್ಯನ ಆಸೆ ಒಂದು ಕಡೆ ನಿಲ್ಲುವುದಿಲ್ಲ. ಸಾಕಿದ್ದಾಯಿತು, ಇನ್ನು ಮರಿ ಮಾಡಿಸಬೇಕು ಎನಿಸಿತು. ಹುಬ್ಬಳ್ಳಿಯಲ್ಲಿ ಇದೇ ಜಾತಿಯ ಗಂಡು ಸಾಕಿದವರೊಬ್ಬರು ಒಂದು ತಿಂಗಳ ಮಟ್ಟಿಗೆ ಕೊಡಲು ಒಪ್ಪಿದರು. ಚಳಿಗಾಲವೆಲ್ಲ ಕರಿಯವ್ವನನ್ನು ತಂಪಾಗಿ, ಕತ್ತಲಲ್ಲಿ, ಉಪವಾಸ ಇಟ್ಟೆ. ಹಾಗೆ ಇಟ್ಟರೇ ಇವಕ್ಕೆ ವಸಂತದ ನೆನಪಾಗುವುದಂತೆ. ಆಮೇಲೆ ಗಂಡು ಬಂತು. ಮೊದಲ ವಾರ ಇಬ್ಬರೂ ಪೆಟ್ಟಿಗೆಯ ಎರಡು ಮೂಲೆ ಹಿಡಿದು ಕೂತರು. ಸಂಬಂಧ ಕುದುರಲಿಲ್ಲವೆಂದೇ ನಾನು ತೀರ್ಮಾನಿಸಿದ್ದೆ. ಕುದುರಿತು. ಹುಬ್ಬಳ್ಳಿಯವರು ಗಂಡನ್ನು ವಾಪಸು ಒಯ್ಯುವಾಗ ಒಂದು ಮಾತು ಹೇಳಿ ಹೋದರು. ನಿಮ್ಮದಕ್ಕೆ ವಯಸ್ಸಾಗಿದೆ, ಈ ಸಲ ಇಟ್ಟರೆ ಇಟ್ಟಿತು, ಮತ್ತೊಮ್ಮೆ ಇಡುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಮುಂಗಾರು ಶುರುವಾದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಮೊಟ್ಟೆಯಿಡಲೆಂದೇ ನಾನು ಇಟ್ಟಿದ್ದ ಒದ್ದೆ ಪಾಚಿಯ ಡಬ್ಬಿಯಲ್ಲಿ ಹನ್ನೊಂದು ಮೊಟ್ಟೆ. ಉದ್ದುದ್ದ, ಬಿಳಿ, ಮುಟ್ಟಿದರೆ ಚರ್ಮದ ಹಾಗೆ ಮೆತ್ತಗೆ. ಏಳು ಬಿಡಿಬಿಡಿಯಾಗಿದ್ದವು, ನಾಲ್ಕು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟಿದ್ದವು. ನಾನು ಮೆಟ್ಟಿಲಿಳಿದು ಬಂದು ಸುದ್ದಿ ಹೇಳಿದೆ. ನಮ್ಮ ಹೊಸ್ತಿಲೊಳಗೆ ತಲೆಮಾರುಗಳಿಂದ ಒಂದು ಮೊಟ್ಟೆ ಬಂದದ್ದಿಲ್ಲ. ಕೇಕಿನೊಳಗೆ ಅಡಗಿ ಬಂದಿದ್ದರೆ ಗೊತ್ತಿಲ್ಲ.

"ಮನ್ಯಾಗೆ ತತ್ತಿ ಬಂದ್ವಲ್ಲೋ!" ಅಂದಳು ಅವ್ವ. ಆಮೇಲೆ ಕಾಫಿ ಮುಗಿಯುವತನಕ ಯೋಚಿಸಿ ತಾನೇ ತೀರ್ಪು ಕೊಟ್ಟಳು. "ತಿನ್ನಾ ತತ್ತಿ ಬ್ಯಾರೆ, ಹಡೆದ ತತ್ತಿ ಬ್ಯಾರೆ. ಇರ್ಲಿ ಬಿಡು. ಬಾಣಂತಿಗೆ ಏನ್ ಕೊಟ್ಟಿ?"

ಒಂದು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ತೇವ ಮಾಡಿದ ತೆಂಗಿನ ನಾರಿನ ಪುಡಿ ಹಾಸಿ ಮೊಟ್ಟೆಗಳನ್ನು ಅರ್ಧ ಹೂತಿಟ್ಟೆ. ಇಡುವ ಮುಂಚೆ ಪ್ರತಿಯೊಂದರ ನೆತ್ತಿಗೂ ಪೆನ್ಸಿಲಿನಿಂದ ಒಂದು ಚುಕ್ಕೆ. ಅದಕ್ಕೊಂದು ಕಾರಣವಿದೆ. ಹಾವಿನ ಮೊಟ್ಟೆಯಲ್ಲಿ ಒಳಗಿನ ಜೀವ ಮೇಲಿನ ಸಿಪ್ಪೆಗೆ ಅಂಟಿಕೊಂಡು ಬೆಳೆಯುತ್ತದೆ. ಹೇಗೆ ಇಟ್ಟಿತೋ ಹಾಗೇ ಇರಬೇಕು, ಮಗುಚಿದರೆ ಸಾಯುತ್ತದೆ. ಚುಕ್ಕೆ ಮೇಲಿದ್ದರೆ ಮೊಟ್ಟೆ ಅಲುಗಾಡಿಲ್ಲ ಎಂದರ್ಥ. ಎರಡು ತಿಂಗಳು ಕಾಯಬೇಕಿತ್ತು. ಹೇಳಿದರೆ ನಗುತ್ತೀರಿ, ನನ್ನ ಜೀವವೆಲ್ಲ ಆ ಹನ್ನೊಂದರ ಮೇಲಿತ್ತು. ಅಂಗಡಿಯಲ್ಲಿ ಗಿರಾಕಿಗೆ ಅಕ್ಷರದ ಹಲಗೆ ತೋರಿಸುತ್ತಿರುವಾಗಲೂ ತಲೆಯೊಳಗೆ ಥರ್ಮಾಮೀಟರು.

ಅದೇ ಹೊತ್ತಿಗೆ ನನ್ನ ಬಲಗಣ್ಣಿನ ಪೊರೆ ಬಲಿಯಿತು. ಊರಿಗೆಲ್ಲ ಕಣ್ಣಿನ ಬುದ್ಧಿ ಹೇಳುವವನು ತನ್ನ ಕಣ್ಣನ್ನು ಎರಡು ವರ್ಷ ಮುಂದೂಡಿದ್ದೆ. ಡಾಕ್ಟರು ಇನ್ನು ಆಗದು ಎಂದು ತಾರೀಖು ಕೊಟ್ಟರು. ಬಗ್ಗಬಾರದು, ಭಾರ ಎತ್ತಬಾರದು, ಧೂಳು ತಾಗಬಾರದು ಎಂದು ಅವರು ಹೇಳಿದ್ದಕ್ಕೆ ಗಿರಿಜಾ ತಾನೊಂದು ಸೇರಿಸಿದಳು: ಹದಿನೈದು ದಿನ ಮೆಟ್ಟಿಲು ಹತ್ತಬಾರದು. ಅವಳಂತೂ ಆ ಕೋಣೆಗೆ ಹೋಗುವವಳಲ್ಲ. ಅವ್ವನಿಗೆ ಮೊಣಕಾಲು. ಮೊಟ್ಟೆಯಿಟ್ಟು ಎಂಟು ದಿನವಾಗಿತ್ತಷ್ಟೆ.

"ನಾನಿಲ್ವೇನ್ರಿ?" ಅಂದರು ಖಲೀಲ್ ಸಾಬರು. "ನಲ್ವತ್ತು ವರ್ಷ ತತ್ತಿ ಕಾದೀನಿ. ಹರಿಹರ ಏನ್ ದೂರ? ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ ಬರ್ತೀನಿ. ನೀವು ಕಣ್ ಮುಚ್ಕಂಡು ಮಲಕ್ಕಳ್ರಿ."

ಆಪರೇಷನ್ನಿನ ಹಿಂದಿನ ದಿನ ಅವರನ್ನು ಮಹಡಿಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದೆ. ಥರ್ಮಾಮೀಟರು ಇಪ್ಪತ್ತೆಂಟು ದಾಟಬಾರದು. ನಾರು ಒಣಗಬಾರದು. ಇರುವೆ ಬಂದಾವು, ನೋಡಿಕೊಳ್ಳಿ. ಮೊಟ್ಟೆ ತಿರುಗಿಸಬೇಡಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಮೊಟ್ಟೆಯಲ್ಲೇ ತಲೆ ಬೆಳ್ಳಗಾದ ಮನುಷ್ಯ. ಹುಟ್ಟಿದಾಗಿನಿಂದ ಒಂದು ಮೊಟ್ಟೆ ಬಾಯಿಗಿಡದ ನಾನು ಅವರ ಮುಂದೆ ನಿಂತು ಮೊಟ್ಟೆ ಮುಟ್ಟುವ ರೀತಿ ಹೇಳಿಕೊಡುವುದೇ? ಎಷ್ಟಾದರೂ ಹಿರಿಯರು. ಬೇಜಾರು ಮಾಡಿಕೊಂಡಾರು. "ನಿಮಗೆ ತಿಳೀದ್ದು ಏನೈತ್ರಿ ಸಾಬ್ರೆ" ಎಂದು ಕೋಣೆಯ ಬೀಗದ ಕೈ ಕೊಟ್ಟುಬಿಟ್ಟೆ. ಮರ್ಯಾದೆಸ್ತರ ನಡುವೆ ನಡೆಯುವ ಅನಾಹುತಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ.

ಆ ಹದಿನೈದು ದಿನ ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯ ಮಂಚದ ಮೇಲೆ ಬಿದ್ದಿದ್ದೆ. ಬೆಳಿಗ್ಗೆ ಎಂಟಕ್ಕೆ ಗೇಟಿನ ಸದ್ದು, ಅವ್ವನಿಗೆ ಒಂದು ಸಲಾಮು, ಮೆಟ್ಟಿಲ ಮೇಲೆ ಹೆಜ್ಜೆ. ಸಂಜೆ ಮತ್ತೆ ಹೆಜ್ಜೆ. ಇಳಿದು ಬಂದು ವರದಿ ಒಪ್ಪಿಸುತ್ತಿದ್ದರು. "ಇಪ್ಪತ್ತೇಳೈತೆ. ಬಾಣಂತಿ ಎರಡು ಮರಿ ಉಂಡ್ಳು." ಮಳೆ ಹಿಡಿದ ದಿನವೂ ತಪ್ಪಲಿಲ್ಲ, ತೊಯ್ದು ತಪ್ಪಡಿಯಾಗಿ ಬಂದರು. ಇಂಥ ಮನುಷ್ಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನಾನು ಅವ್ವನ ಹತ್ತಿರ ಹೇಳಿದೆ. ಈಗಲೂ ಹಾಗೇ ಹೇಳುತ್ತೇನೆ.

ಹದಿನಾರನೆಯ ದಿನ ಹೊಸ ಕಣ್ಣು ಇಟ್ಟುಕೊಂಡು ಅವರ ಜೊತೆ ಮಹಡಿ ಹತ್ತಿದೆ. ಗೋಡೆಯ ಸುಣ್ಣ ಇಷ್ಟು ಬೆಳ್ಳಗಿತ್ತೇ ಎಂದು ಆಶ್ಚರ್ಯಪಡುತ್ತಲೇ ಪೆಟ್ಟಿಗೆಯ ಮುಚ್ಚಳ ತೆಗೆದೆ. ಬಿಡಿಯಾಗಿದ್ದ ಏಳರ ಮೇಲೂ ನನ್ನ ಪೆನ್ಸಿಲ್ ಚುಕ್ಕೆಗಳು ಕಾಣಲಿಲ್ಲ. ಚುಕ್ಕೆ ಇರಬೇಕಾದಲ್ಲಿ ನೀಲಿ ಸ್ಕೆಚ್ ಪೆನ್ನಿನ ಗುಣಾಕಾರದ ಗುರುತು.

"ಹದಿನೈದು ದಿನ, ಎರಡೂ ಹೊತ್ತು, ಒಂದ್ ಹೊತ್ತು ತಪ್ಸಿಲ್ಲ" ಅಂದರು ಖಲೀಲ್ ಸಾಬರು. "ನೀವು ಒಂದ್ ಕಡಿಗೆ ಗುರ್ತು ಹಾಕಿದ್ರಿ. ನಾನು ಇನ್ನೊಂದ್ ಕಡಿಗೆ ಹಾಕ್ಕಂಡೆ. ಬೆಳಿಗ್ಗೆ ಇದು ಮ್ಯಾಲೆ, ಸಾಯಂಕಾಲ ಅದು ಮ್ಯಾಲೆ. ಇಲ್ಲಾಂದ್ರೆ ಮರಿ ಒಂದೇ ಬದಿಗೆ ಅಂಟ್ಕಂಡು ಸಾಯ್ತಾವೆ ನೋಡ್ರಿ."

ಕೋಳಿಯ ಮೊಟ್ಟೆಗೆ ಅದೇ ಸರಿ. ಕೋಳಿ ತಾನೇ ಕೊಕ್ಕಿನಿಂದ ದಿನವೂ ಮೊಟ್ಟೆ ಮಗುಚುತ್ತದೆ. ಶೆಡ್ಡಿನಲ್ಲಿ ಆ ಕೆಲಸ ಇವರ ಕೈಯದು. ಅವರು ಆ ಅಂಟಿದ ಗಡ್ಡೆಯನ್ನು ಬೆರಳಿನಿಂದ ತೋರಿಸಿ, ದನಿ ತಗ್ಗಿಸಿ, ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳಿದರು. "ಇವು ನಾಲ್ಕು ಮಾತ್ರ ತಿರುಗ್ಸಾಕೆ ಬರ್ಲಿಲ್ರಿ. ಅಂಟ್ಕಂಡಾವೆ. ಬಿಡ್ಸಾಕೆ ಹೋದ್ರೆ ಹರಿತಾವೆ ಅಂತ ಬಿಟ್ಟೆ. ಇವು ಕೆಟ್ರೆ ನನ್ನ ಮ್ಯಾಲೆ ಸಿಟ್ಟು ಮಾಡ್ಬ್ಯಾಡ್ರಿ."

"ಚಲೋ ಮಾಡಿದ್ರಿ ಸಾಬ್ರೆ" ಅಂದೆ.

ಆ ಮಾತಿನ ಮೇಲೆ ಬೇರೆ ಮಾತು ಹೇಳುವ ದಾರಿಯೇ ಮುಚ್ಚಿತು. ಇವರಿಗೆ ಎಂದೂ ತಿಳಿಯಬಾರದು ಎಂದು ಗಟ್ಟಿ ಮಾಡಿಕೊಂಡೆ. ಮೊಟ್ಟೆ ಹೋದರೆ ಹೋಗಲಿ, ಅವರ ಮನಸ್ಸು ಮುರಿಯಬಾರದು. ಹಾಗೆಂದುಕೊಂಡೆನೇ ಹೊರತು ಮೊಟ್ಟೆ ಹೋದರೆ ಹೋಗಲಿ ಎನ್ನುವುದು ಸುಳ್ಳಾಗಿತ್ತು. ರಾತ್ರಿ ಊಟ ಸೇರಲಿಲ್ಲ. ಅವ್ವನಿಗೆ ಮಾತ್ರ ಹೇಳಿದೆ.

ಏಳು ಮೊಟ್ಟೆ ಒಂದೊಂದಾಗಿ ಹಳದಿಯಾದವು, ಕುಸಿದವು, ಬೂಷ್ಟು ಹಿಡಿದವು. ಖಲೀಲ್ ಸಾಬರು ನನ್ನ ಅಂಗಡಿಯ ಸಣ್ಣ ಟಾರ್ಚು ಇಸಿದುಕೊಂಡು ಒಂದೊಂದರ ಪಕ್ಕಕ್ಕೂ ಬೆಳಕು ಹಿಡಿದು ನೋಡುವರು. "ನಾಲ್ಕರಾಗೆ ನರ ಓಡ್ಯಾವೆ. ಏಳರಾಗೆ ಏನೂ ಇಲ್ಲ." ಕರೆಂಟು ಹೋದದ್ದಕ್ಕಿರಬಹುದು ಎಂದರು, ನಾರು ಸರಿಯಿಲ್ಲವೇನೋ ಎಂದರು. ಒಂದು ದಿನ ಟಾರ್ಚು ಆರಿಸಿ ತಮ್ಮ ಅಂಗೈ ನೋಡಿಕೊಂಡರು. "ನನ್ನ ಕೈಗುಣಾನೇ ಹೋತೇನೋ ಸಾವ್ಕಾರ್ರೆ. ಶೆಡ್ನಾಗೂ ಈ ಸಲ ಯಾಕೋ ಹೆದ್ರಿಕಿ ಆಗ್ತೈತೆ." ಹಾವಿನದು ಹಾಗೇ, ಎಲ್ಲ ಉಳಿಯುವುದಿಲ್ಲ ಎಂದೆ. ಅವತ್ತಿನ 'ಚಲೋ ಮಾಡಿದ್ರಿ' ಆದ ಮೇಲೆ ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಇದು ಹೆಚ್ಚು ಚುಚ್ಚಿತು.

ಕೆ‌ಟ್ಟ ಮೊಟ್ಟೆಗಳನ್ನು ಹಿತ್ತಲ ದಾಸವಾಳದ ಬುಡದಲ್ಲಿ ಹೂಳುತ್ತಿದ್ದೆ. ಕೊನೆಯ ಎರಡು ಹೋದದ್ದು ಸರಿಯಾಗಿ ಪಂಚಮಿಯ ದಿನ. ಸಲಿಕೆ ಹಿಡಿದು ಹೊರಟವನನ್ನು ಅವ್ವ ತಡೆದಳು. "ಇವತ್ತು ನೆಲ ಅಗೀಬಾರ್ದು." ಹಾಗಾಗಿ ಅವು ಒಂದು ಸ್ಟೀಲ್ ಬಟ್ಟಲಲ್ಲಿ, ಮೇಲೊಂದು ಎಲೆ ಮುಚ್ಚಿಕೊಂಡು, ಮರುದಿನದವರೆಗೆ ಹಿತ್ತಲಕಟ್ಟೆಯ ಮೇಲೆ ಕೂತಿದ್ದವು. ಅವ್ವ ಎರಡು ಸಲ ಹೋಗಿ ನೋಡಿ ಬಂದಳು.

ಆಗಸ್ಟಿನ ಒಂದು ಮಧ್ಯಾಹ್ನ ಗಡ್ಡೆಯ ಒಂದು ಮೊಟ್ಟೆಯಲ್ಲಿ ಬ್ಲೇಡಿನಿಂದ ಗೀರಿದಂಥ ಸೀಳು ಕಂಡಿತು. ಸೀಳಿನಿಂದ ಒಂದು ಮೂತಿ. ಹೊರಗಿನ ಗಾಳಿ ಸರಿಯಿದೆಯೇ ಎಂದು ಪರೀಕ್ಷಿಸಿ ಮತ್ತೆ ಒಳಗೆ ಹೋಯಿತು. ಫೋನು ಮಾಡಿದ ಮುಕ್ಕಾಲು ಗಂಟೆಯಲ್ಲಿ ಖಲೀಲ್ ಸಾಬರು ಪೇಡೆಯ ಪೊಟ್ಟಣದೊಂದಿಗೆ ಹಾಜರು. ಮರುದಿನ ಸಂಜೆಗೆ ನಾಲ್ಕೂ ಹೊರಗೆ ಬಂದವು. ಅವ್ವನನ್ನೂ ಕಷ್ಟಪಟ್ಟು ಹತ್ತಿಸಿದೆವು. ಗಿರಿಜಾ ಷರತ್ತು ಮುರಿಯದೆ ಹೊಸ್ತಿಲ ಆಚೆ ನಿಂತು ಕತ್ತು ಚಾಚಿದಳು.

"ಇದೇನೋ, ಕರಿಯವ್ವಗೆ ಬೂದಿ ಬಣ್ಣದ ಮರಿ?" ಅಂದಳು ಅವ್ವ. ಹೌದು, ಮರಿಗಳು ಬೂದು ಬಣ್ಣ, ಮೈತುಂಬ ಕಂದು ಮಚ್ಚೆ. ಬೆಳೆಯುತ್ತ ಬೆಳೆಯುತ್ತ ಎರಡು ಮೂರು ವರ್ಷಕ್ಕೆ ಕಪ್ಪಾಗುತ್ತವೆ ಎಂದು ವಿವರಿಸಿದೆ. ಎಲ್ಲರೂ ನಕ್ಕರು. ನಗದೇ ಇದ್ದವರು ಒಬ್ಬರೇ. ಖಲೀಲ್ ಸಾಬರು ಮರಿಗಳನ್ನು ನೋಡುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದ ನಾಲ್ಕು ಖಾಲಿ ಸಿಪ್ಪೆ ನೋಡುತ್ತಿದ್ದರು.

"ಇವು ನಾನು ತಿರುಗ್ಸದೇ ಇದ್ದವು" ಅಂದರು.

ಒಂದು ಸಿಪ್ಪೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಹಾವಿನ ತತ್ತಿ ತಿರುಗ್ಸಬಾರ್ದೇನ್ರಿ?"

ಮೂರನೆಯ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ತಿರುಗ್ಸಬಾರ್ದ್ರಿ" ಅಂದೆ.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಮದ್ಲೇ?"

"ಮದ್ಲೇ. ನಿಮಗೆ ತತ್ತಿ ಬಗ್ಗೆ ನಾನು ಹೇಳಾದಾ ಅಂತ ಸುಮ್ನಾದೆ. ಬೇಜಾರ್ ಮಾಡ್ಕಂತೀರಿ ಅಂತ."

ಅವರು ಎದ್ದು ಟೋಪಿ ಸರಿಮಾಡಿಕೊಂಡರು. ಅವ್ವನಿಗೆ ಸಲಾಮು ಹೇಳಿ ಮೆಟ್ಟಿಲಿಳಿದು ಹೋದರು. ಗಿರಿಜಾ ಹೊಸ್ತಿಲ ಬಳಿ ತಂದಿಟ್ಟ ಚಹಾ ಕೆನೆ ಕಟ್ಟಿ ಆರಿತು. ಏಳು ಮರಿ ಕೊಂದೆ ಎಂಬ ದುಃಖಕ್ಕಿಂತ, ತಿಂಗಳಿಗೂ ಹೆಚ್ಚು ಕಾಲ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇವನು ನನ್ನ ಮುಂದೆ ಕೂತಿದ್ದನಲ್ಲ ಎಂಬುದು ಅವರ ಮುಖದಲ್ಲಿತ್ತು. ನನಗೆ ಹಾಗೆ ಕಂಡಿತು, ಹೊಸ ಕಣ್ಣಿಗೆ ತುಂಬ ಸ್ಪಷ್ಟವಾಗಿ.

ಆಮೇಲೆ ಅವರು ಬರಲಿಲ್ಲ. ಕೋಳಿಮರಿಗಳ ಪೊಟ್ಟಣ ಮಾತ್ರ ಪ್ರತಿ ವಾರ ಹರಿಹರದ ಕಡೆಯಿಂದ ಬರುವ ಒಬ್ಬ ಆಟೋದವರ ಕೈಯಲ್ಲಿ ಬಂತು, ಯಾವಾಗಿನಂತೆ ಅಚ್ಚುಕಟ್ಟಾಗಿ ಕಟ್ಟಿ. ಫೋನು ಮಾಡಿದರೆ "ಕೆಲ್ಸ ಭಾಳ ಐತ್ರಿ" ಎಂಬಷ್ಟೇ ಮಾತು. ಗಾಜಿನ ಮುಂದೆ ಅವರ ಕುರ್ಚಿ ಖಾಲಿ. ನಾಲ್ಕು ಮರಿ ಮೊದಲ ಪೊರೆ ಬಿಟ್ಟವು, ಅಡಿಯುದ್ದದ ಪೊರೆ, ಸಾಸಿವೆಯಷ್ಟು ಕಣ್ಣ ಮುಚ್ಚಳ. ತೋರಿಸಲು ಯಾರಿದ್ದಾರೆ? ಬೇಕೆಂದದ್ದು ಸಿಕ್ಕಿತ್ತು, ಆದರೆ ಒಬ್ಬನೇ ಕೂತು ನೋಡುವಾಗ ಅದರಲ್ಲಿ ಸುಖವಿರಲಿಲ್ಲ. ಒಂದು ತಿಂಗಳು ನೋಡಿದ ಅವ್ವ ಕೊನೆಗೆ ಬಾಯಿಬಿಟ್ಟಳು. "ತಪ್ಪು ನಿಂದು. ಅವ್ರು ಯಾಕ ಬರ್ಬೇಕು? ನೀ ಹೋಗು."

ಈ ಸಲ ಹೆಲ್ಮೆಟನ್ನು ಓಣಿಯ ಬಾಯಲ್ಲೇ ತೆಗೆದೆ. ಖಲೀಲ್ ಸಾಬರು ಶೆಡ್ಡಿನಲ್ಲಿ ಟ್ರೇಗಳ ಮುಂದೆ ನಿಂತು ಮೊಟ್ಟೆ ತಿರುಗಿಸುತ್ತಿದ್ದರು. ನನ್ನನ್ನು ನೋಡಿದರು, ಕೂಡ್ರಿ ಅನ್ನಲಿಲ್ಲ. ನಾನು ಬಾಗಿಲ ಹತ್ತಿರ ನಿಂತೆ. ಒಂದು ಟ್ರೇ ಮುಗಿಯಿತು, ಇನ್ನೊಂದು ಎಳೆದುಕೊಂಡರು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಆ ಶೆಡ್ಡಿನ ಬಿಸಿಗೆ ಆವಿಯಾಗಿ ಹೋಯಿತು.

"ತಪ್ಪಾತ್ರಿ ಸಾಬ್ರೆ" ಅಂದೆ.

ಅವರು ಆ ಟ್ರೇ ಮುಗಿಸಿ, ತಲೆಯೆತ್ತದೆ, "ಅಲ್ಲಿ ಸಾಬೂನೈತೆ. ಕೈ ತೊಳ್ಕಂಡ್ ಬರ್ರಿ" ಅಂದರು.

ತೊಳೆದು ಬಂದೆ. ಒಂದು ಟ್ರೇ ನನ್ನ ಮುಂದೆ ಇಟ್ಟರು. ನಾನು ಜೀವಮಾನದಲ್ಲಿ ಮೊದಲ ಸಲ ಒಂದು ಕೋಳಿ ಮೊಟ್ಟೆ ಕೈಯಲ್ಲಿ ಹಿಡಿದೆ. ಬೆಚ್ಚಗಿತ್ತು.

"ಹಂಗಲ್ಲ. ಎತ್ತಬ್ಯಾಡ್ರಿ, ಅಲ್ಲೇ ಹೊಳ್ಳಿಸ್ರಿ. ಅರೆ, ಒತ್ತಬ್ಯಾಡ್ರಿ! ಅದೇನ್ ಕನ್ನಡಕದ ಕಡ್ಡಿಯೇನು? ಒಂದೇ ದಿಕ್ಕಿಗೆ ಮಾಡ್ರಿ. ಇದು ಬಿಟ್ರಿ ನೋಡ್ರಿ ಇಲ್ಲಿ, ಕಣ್ಣು ಆಪ್ರೇಷನ್ ಆಗೈತೆ ಅಂತೀರಿ." ಒಂದೊಂದು ಮೊಟ್ಟೆಗೂ ಒಂದೊಂದು ಮಾತು. ಪಕ್ಕದಲ್ಲಿ ಕಾಳು ಅಳೆಯುತ್ತಿದ್ದ ಅವರ ಸೊಸೆ ನಗು ತಡೆದುಕೊಂಡು ಒಳಗೆ ಹೋದಳು. ನಾನು ಶಾಲೆಯ ಹುಡುಗನ ಹಾಗೆ ಬೆವರುತ್ತ ಇಡೀ ಟ್ರೇ ಮುಗಿಸಿದೆ.

"ಬೇಜಾರಾತೇನು?" ಅಂದರು.

"ಯಾತಕ್ಕೆ?"

"ಇಷ್ಟೊತ್ತು ಹಿಂಗಲ್ಲ ಹಂಗೆ ಅಂತ ಹೇಳಿದ್ನಲ್ಲ. ನಿಮ್ ಮರ್ಯಾದಿ ಏನಾರ ಕಮ್ಮಿ ಆತಾ?"

"ಇಲ್ರಿ."

"ಮತ್ತೆ ನಂದು ಆಗ್ತಿತ್ತಾ?"

ಟ್ರೇಯನ್ನು ಜಾಗದಲ್ಲಿಡಲು ಹೋದೆ, ಅದು ವಾಲಿತು, ಅಂಚಿನ ಮೊಟ್ಟೆಯೊಂದು ಜಾರಿ ಕಾಲ ಬಳಿ ಬಿದ್ದು ಒಡೆಯಿತು. ಹಳದಿ ನೆಲದ ಮೇಲೆ ಹರಿಯಿತು. ಖಲೀಲ್ ಸಾಬರು ನೆಲ ನೋಡಿದರು, ನನ್ನ ಮುಖ ನೋಡಿದರು. ಬಿಳಿ ಗಡ್ಡದೊಳಗೆ ಏನೋ ಅಲುಗಾಡಿತು.

"ನಂದು ಏಳು, ಸಾವ್ಕಾರ್ರೆ. ನಿಮ್ದಿನ್ನೂ ಒಂದೇ" ಎಂದು ಮುಂದಿನ ಟ್ರೇಯನ್ನು ನನ್ನ ಕಡೆ ಸರಿಸಿದರು.